ಮಧ್ಯಾಹ್ನಕ್ಕೇ ಮನೆಗೆ ಕಳಿಸುತ್ತಿದ್ದ ರೈಟ್ರು

ರೈಟ್ರ ಕೊಡೆಗೆ ಬೆತ್ತದ ಹಿಡಿ ಇತ್ತು ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ಬೆತ್ತದ ಹಿಡಿಯ ಕೊಡೆ ನನ್ನ ಅಜ್ಜನದ್ದಾಗಿದ್ದಿರಬಹುದು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಒಬ್ಬರ ಕೊಡೆಯನ್ನು ಇನ್ನೊಬ್ಬರ ಕೈಗೆ ಕೊಡುವುದು ನೆನಪಿಗೆ ಏನೂ ಕಷ್ಟವಲ್ಲ. ನಾನು ಆಗಲೂ ದಿನಚರಿ ಬರೆಯುತ್ತಿದ್ದೆ. ಅದರ ತುಂಬ ನನ್ನ ಪರೀಕ್ಷೆ, ನನ್ನ ಬೇಸರ, ನನ್ನ ಹಾಸ್ಟೆಲಿನ ಗೆಳತಿಯರು. ರೈಟ್ರ ಬಗ್ಗೆ ಒಂದು ಸಾಲೂ ಇಲ್ಲ. ದಿನಾ ಕಣ್ಣೆದುರು ಓಡಾಡುವವರ ಬಗ್ಗೆ ಯಾರು ಬರೆದಿಡುತ್ತಾರೆ? ಹಾಗಾಗಿ ಇಲ್ಲಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅವರು ತೀರಿಕೊಂಡು ಒಂದು ತಿಂಗಳಾಯಿತು. ತಪ್ಪಿದ್ದರೆ ತಿದ್ದುವವರು ಈಗ ಅವರಲ್ಲ, ಬೇರೆಯವರು.

ನನ್ನ ಚಿಕ್ಕಪ್ಪನ ಕಾಫಿ ತೋಟ ಇರುವುದು ಬಾಳೂರಿನಿಂದ ಕಳಸದ ಕಡೆಗೆ ಹೋಗುವಾಗ, ಜೀಪು ಮಾತ್ರ ಹತ್ತುವ ಒಂದು ಏರಿನ ಮೇಲೆ. ಅಲ್ಲಿ ಅವರು ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಹಂಚುವುದು, ಸಂಜೆ ಆದ ಕೆಲಸವನ್ನು ಚಿಕ್ಕಪ್ಪನಿಗೆ ಒಪ್ಪಿಸುವುದು, ವಾರಕ್ಕೊಮ್ಮೆ ಬಟವಾಡೆ. ಅವರಿಗೊಂದು ಹೆಸರಿತ್ತು. ಆದರೆ ಅವರ ಹೆಂಡತಿಯೂ "ರೈಟ್ರು ಇನ್ನೂ ಊಟಕ್ಕೆ ಬಂದಿಲ್ಲ" ಅಂತಲೇ ಹೇಳುತ್ತಿದ್ದರು. ಇಲ್ಲೂ ಹಾಗೇ ಇರಲಿ.

ಎತ್ತರದ ಮನುಷ್ಯ. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಪಾದ ನೋಡುತ್ತಿದ್ದರು. ಜಿಗಣೆ ಹತ್ತಿದೆಯೇ ಎಂದು ನೋಡುವ ಮಳೆಗಾಲದ ಅಭ್ಯಾಸ ಬೇಸಿಗೆಯಲ್ಲೂ ಬಿಟ್ಟಿರಲಿಲ್ಲ. ಹೊಸಬರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು. ವಿನಯವಂತರೇನಲ್ಲ. ಹಾಜರಿಗೆ ತಡವಾಗಿ ಬಂದವರನ್ನು ಕಂಡರೆ "ಬನ್ನಿ ಬನ್ನಿ, ದಾರಿ ಬಿಡ್ರೋ, ತಹಶೀಲ್ದಾರ್ರು ಬಂದ್ರು" ಎಂದು ಎಲ್ಲರೆದುರು ಹಂಗಿಸುತ್ತಿದ್ದರು. ಮಗುವಿಗೆ ಜ್ವರ ಎಂದು ಒಂದು ದಿನ ತಡವಾಗಿ ಬಂದ ಸುಶೀಲಕ್ಕನನ್ನು ಕೆಲಸ ಕೊಡದೆ ವಾಪಸು ಕಳಿಸಿದ್ದರು. ಸುಶೀಲಕ್ಕ ತೋಟದ ಆಳು ಹೆಂಗಸರಲ್ಲಿ ಎಲ್ಲರಿಗಿಂತ ಬಾಯಿ ಜೋರು. ಆ ದಿನವನ್ನು ಇವತ್ತಿಗೂ ಮರೆತಿಲ್ಲ. ಆದ್ದರಿಂದ ರೈಟ್ರ ಫೋಟೋಕ್ಕೆ ಹಾರ ಹಾಕಲು ನಾನು ಇದನ್ನು ಬರೆಯುತ್ತಿಲ್ಲ.

ಬಂಗಲೆಯ ಜಗಲಿಯಲ್ಲಿ ಎಷ್ಟು ಹೇಳಿದರೂ ಕೂರುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತೇ ಚಾ ಕುಡಿಯುತ್ತಿದ್ದರು. ಮರ್ಯಾದೆಗೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಕೇಳಿದಾಗ ನಗಾಡಿದರು. "ಕೂತ್ರೆ ನಿಮ್ಮ ಚಿಕ್ಕಪ್ಪ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕಾಗ್ತದೆ ಪುಟ್ಟಮ್ಮ. ನಿಂತ್ರೆ, ಕೆಲಸ ಉಂಟು ಅಂತ ಹೊರಡ್ಲಿಕ್ಕೆ ಆಗ್ತದೆ."

ಕಾಫಿ ಬೆಲೆ ನೆಲಕಚ್ಚಿದ ಆ ವರ್ಷಗಳನ್ನು ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹಣ್ಣು ಕೊಯ್ಸಿದ ಖರ್ಚು ಹುಟ್ಟಿದರೆ ಸಾಕು ಅನ್ನುವವರ ಮಾತು ಕೇಳಿಕೊಂಡೇ ನಾನು ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ್ದೆ. ಮೊದಲ ವರ್ಷ ಮುಗಿಸಿ ರಜೆಗೆ ತೋಟಕ್ಕೆ ಬಂದಾಗ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳು ಮಾರಾಟವಾಗದೆ ಗೋಡೌನಿನಲ್ಲೇ ಇದ್ದವು. ಚಿಕ್ಕಪ್ಪ ಬೆಲೆ ಕೇಳುವುದನ್ನೇ ಬಿಟ್ಟಿದ್ದರು. ಒಂದು ಸಂಜೆ ಜಗಲಿಯಲ್ಲಿ ರೈಟ್ರಿಗೆ ಹೇಳಿದರು:

"ಕೆಳಗಿನ ಲೈನ್ ಬಿಡಿಸೋಣ ರೈಟ್ರೆ. ಮೇಲಿನ ಲೈನಿನ ಜನ ಸಾಕು ನಮಗೆ."

ಲೈನ್ ಅಂದರೆ ಆಳುಗಳ ಮನೆಗಳ ಸಾಲು. ತೋಟದಲ್ಲಿ ಕೆಲಸ ಇರುವವರೆಗೆ ಮನೆ. ಕೆಲಸ ಹೋದರೆ ಪಾತ್ರೆ, ಕೋಳಿ, ಮಕ್ಕಳ ಸಮೇತ ಏರು ಇಳಿಯಬೇಕು. ಚಿಕ್ಕಪ್ಪ ಆಡಿದ ಆ ಒಂದು ವಾಕ್ಯದಲ್ಲಿ ತೋಟದ ಅರ್ಧ ಜನರ ಮನೆ ಇತ್ತು.

ರೈಟ್ರು ಚಿಕ್ಕಪ್ಪನ ಪಾದ ನೋಡುತ್ತ ಹೇಳಿದರು. "ಕೆಳಗಿನ ಲೈನ್ ಹೋದ್ರೆ ನೆರಳು ಕಡೀಲಿಕ್ಕೆ ಮರ ಹತ್ತುವವರೆಲ್ಲ ಹೋದ್ರು. ಮೇಲಿನದ್ದು ಹೋದ್ರೆ ಚಿಗುರು ತೆಗೆಯೋ ಹೆಂಗಸರು ಹೋದ್ರು. ನಾಳೆ ಬೆಲೆ ಬಂದಾಗ ಯಾರನ್ನ ಕರೀತೀರಿ ಗೌಡ್ರೆ? ಇವ್ರು ಬಣಕಲ್ ಕಡೆ ಎಲ್ಲೋ ಸೇರ್ಕೊಂಡಿರ್ತಾರೆ."

"ಹಾಗಾದ್ರೆ ನಾನೇ ಬಿಟ್ಟು ಹೋಗ್ಲಾ?"

"ನೀವೆಲ್ಲಿಗೆ ಹೋಗ್ತೀರಿ! ಕೂಲಿ ಅರ್ಧ ಮಾಡಿ. ಕೆಲಸಾನೂ ಅರ್ಧ ಮಾಡಿ. ಜನ ಮಾತ್ರ ಪೂರ್ತಿ ಇರ್ಲಿ."

ಒಳಗಿನಿಂದ ಚಿಕ್ಕಮ್ಮ ತಮಾಷೆಗೆ, "ರೈಟ್ರದ್ದೂ ಅರ್ಧವಾ ಹಾಗಾದ್ರೆ?" ಎಂದು ಕೇಳಿದರು. ರೈಟ್ರು ತಮಾಷೆ ಎಂದುಕೊಳ್ಳಲಿಲ್ಲ. "ಹೌದಮ್ಮ, ನಂದೂ ಅರ್ಧವೇ" ಅಂದರು. ಚಿಕ್ಕಮ್ಮ ಕೇಳುವವರೆಗೆ ಆ ಯೋಚನೆ ಅವರಿಗೆ ಬಂದೇ ಇರಲಿಲ್ಲ ಎಂದು ನನ್ನ ಗುಮಾನಿ. ಬಾಯಿಂದ ಬಂದ ಮೇಲೆ ಹಿಂದೆ ತೆಗೆದುಕೊಳ್ಳಲಿಲ್ಲ, ಅಷ್ಟೆ. ಮರುದಿನ ಅವರ ಹೆಂಡತಿ ಅಡುಗೆಮನೆಗೆ ಬಂದು ಚಿಕ್ಕಮ್ಮನ ಹತ್ತಿರ ಗೋಳು ಹೇಳಿಕೊಂಡರು. "ಪೂರ್ತಿ ಸಂಬಳ ಇದ್ದಾಗ ಸಂಜೆವರೆಗೆ ಹೊರಗೆ ಇರ್ತಿದ್ರು. ಈಗ ಅರ್ಧ ಸಂಬಳ ತಂದು, ಉಳಿದ ಅರ್ಧ ದಿನ ನನ್ನ ತಲೆ ತಿನ್ತಾರೆ. ನೀವು ಯಾಕಮ್ಮ ಕೇಳ್ಲಿಕ್ಕೆ ಹೋದದ್ದು?"

ಜನರನ್ನು ಕಾಫಿ ಒಣಗಿಸುವ ಕಣದಲ್ಲಿ ಸೇರಿಸಿದರು. ಚಿಕ್ಕಪ್ಪ ಜೀಪಿಗೆ ಒರಗಿ ನಿಂತಿದ್ದರು. ನಾನು ನೋಡಲು ಹೋಗಿದ್ದೆ. ಈ ದೃಶ್ಯ ಮಾತ್ರ ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಎಲ್ಲರೂ ನಗುತ್ತಾರೆಂದು ನಾನು ಎಣಿಸಿರಲಿಲ್ಲ. ರೈಟ್ರು ಮೊದಲು ಹೇಳಿದ್ದು ಬೇರೆ ಲೆಕ್ಕ: ಒಂದು ದಿನ ಒಂದು ಲೈನ್, ಮಾರನೆಯ ದಿನ ಇನ್ನೊಂದು ಲೈನ್.

"ದಿನ ಬಿಟ್ಟು ದಿನ ಬೇಡ ರೈಟ್ರೆ," ಎಂದರು ಸುಶೀಲಕ್ಕ. "ಕೆಲಸ ಇಲ್ಲದ ದಿನ ಈ ಗಂಡಸ್ರು ಬೆಳಿಗ್ಗೇನೆ ಕುಡೀಲಿಕ್ಕೆ ಪೇಟೆಗೆ ಇಳೀತಾರೆ. ಅರ್ಧ ದಿನ ಅಂದ್ರೆ, ಉಂಡು ಇಳಿದು ಮುಟ್ಟೋದ್ರೊಳಗೆ ಕತ್ಲೆ ಆಗ್ತದೆ."

"ನಮ್ಮ ಮರ್ಯಾದೆ ತೆಗೀಬೇಡ ಮಾರಾಯ್ತಿ," ಎಂದಿತು ಗಂಡಸರ ಕಡೆಯಿಂದ ಒಂದು ದನಿ.

"ಇದ್ರೆ ತಾನೆ ತೆಗಿಯೂದು!"

ಚಿಕ್ಕಪ್ಪನೂ ನಕ್ಕರು. ಹಾಗೆ ಎಲ್ಲರಿಗೂ ದಿನಾ ಮಧ್ಯಾಹ್ನದವರೆಗೆ ಕೆಲಸ ಎಂದು ತೀರ್ಮಾನವಾಯಿತು. ಕೊಯ್ಲಿನ ತಿಂಗಳುಗಳಲ್ಲಿ ಕೂಲಿ ಹಣ್ಣಿನ ತೂಕದ ಮೇಲೆ, ಆಗ ಈ ಲೆಕ್ಕವಿಲ್ಲ, ಕೆಲಸ ಸಂಜೆವರೆಗೆ. ಕೊಯ್ಲು ಮುಗಿದ ಮೇಲೆ ಮತ್ತೆ ಅರ್ಧ ದಿನ. ಜನ ಏಳುವಾಗ ಸುಶೀಲಕ್ಕ ಇನ್ನೊಂದು ಕೇಳಿದರು. "ಎಷ್ಟು ಕಾಲ ಹೀಗೆ?"

"ಬೆಲೆ ಬರುವವರೆಗೆ."

"ಬೆಲೆ ಬಂದದ್ದು ನಮಗೆ ಹೇಗೆ ಗೊತ್ತಾಗೂದು?"

"ನಾನು ಹೇಳ್ತೇನೆ. ಬೆಲೆ ಬಂದ್ರೆ ಪೂರ್ತಿ ದಿನ, ಪೂರ್ತಿ ಕೂಲಿ. ಗೌಡ್ರು ಇಲ್ಲೇ ಇದ್ದಾರಲ್ಲ, ಕೇಳಿ ಬೇಕಾದ್ರೆ."

ಚಿಕ್ಕಪ್ಪ "ಆಯ್ತಾಯ್ತು" ಎಂದು ಜೀಪು ಹತ್ತಿದರು. ಎಷ್ಟಾದರೆ ಬೆಲೆ ಬಂದ ಹಾಗೆ ಎಂದು ಯಾರೂ ಕೇಳಲಿಲ್ಲ. ರೈಟ್ರೂ ಕೇಳಲಿಲ್ಲ. ಬೆಲೆ ಬರುವುದು ಮಳೆ ಬಂದ ಹಾಗೆ, ಬಂದಾಗ ಎಲ್ಲರಿಗೂ ಗೊತ್ತಾಗುತ್ತದೆ ಎಂದುಕೊಂಡಿರಬೇಕು.

ಮೊದಲ ದಿನ ಆದದ್ದೇ ಬೇರೆ. ಮಧ್ಯಾಹ್ನ ಗಂಟೆ ಹೊಡೆಯಿತು. ಜನ ಕತ್ತಿ ಕೆಳಗಿಟ್ಟು, ಬುತ್ತಿ ಬಿಚ್ಚಿ ಉಂಡು, ಎದ್ದು ಮತ್ತೆ ಗಿಡದ ಸಾಲಿಗೆ ಹೋದರು. ಅಭ್ಯಾಸಬಲ ಎಂದುಕೊಂಡು ರೈಟ್ರು ಹತ್ತಿರ ಹೋಗಿ ಮನೆಗೆ ನಡೆಯಲು ಹೇಳಿದರು. ಯಾರೂ ಕದಲಲಿಲ್ಲ. ಎರಡನೆಯ ದಿನವೂ ಹಾಗೇ. ಆಮೇಲೆ ವಿಷಯ ಹೊರಬಿತ್ತು. ಮೊದಲು ಮನೆಗೆ ಹೋದವರ ಮನೆಯನ್ನೇ ಮೊದಲು ಬಿಡಿಸುತ್ತಾರೆ, ಇದೆಲ್ಲ ಯಾರು ಸೋಮಾರಿಗಳೆಂದು ನೋಡುವ ಉಪಾಯ ಎಂದು ಕೆಳಗಿನ ಲೈನಿನವರು ಮಾತಾಡಿಕೊಂಡಿದ್ದರು. ಕೆಳಗಿನವರು ಹೋಗಲಿಲ್ಲ ಎಂದು ಮೇಲಿನವರೂ ಹೋಗಲಿಲ್ಲ. ಹೀಗೆ ಅರ್ಧ ಕೂಲಿಗೆ ಇಡೀ ತೋಟ ಸಂಜೆವರೆಗೆ ದುಡಿಯಿತು.

ಚಿಕ್ಕಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. "ಅವರಾಗೇ ಮಾಡಿದ್ರೆ ಮಾಡ್ಲಿ ಬಿಡಿ. ನಾವೇನು ಕಟ್ಟಿ ಹಾಕಿದ್ದೇವಾ?"

"ಹಾಗಲ್ಲ ಗೌಡ್ರೆ," ಎಂದರು ರೈಟ್ರು. "ಹೀಗೇ ಆದ್ರೆ ಒಂದು ವಾರದಲ್ಲಿ ನಿಮಗೂ ಅಭ್ಯಾಸ ಆಗ್ತದೆ."

ಆ ಮಾತು ಹೇಳುವಾಗ ಅವರು ಚಿಕ್ಕಪ್ಪನ ಮುಖ ನೋಡಿದರು ಎಂದು ನನಗೆ ಅನಿಸುತ್ತದೆ. ಆದರೆ ಅದು ಆಮೇಲೆ ನಾನು ಸೇರಿಸಿಕೊಂಡದ್ದೂ ಆಗಿರಬಹುದು. ಹೇಳಿದ ಮಾತಂತೂ ಅದೇ.

ಮೂರನೆಯ ದಿನದಿಂದ ಅವರು ಗಂಟೆ ಹೊಡೆದ ಕೂಡಲೆ ಕೊಡೆ ಹಿಡಿದು ತೋಟಕ್ಕೆ ಇಳಿದರು. ದನ ಅಟ್ಟುವವರ ಹಾಗೆ ಸಾಲುಸಾಲಿನಲ್ಲಿ ನಡೆದು, "ನಡೀರಿ ಮಾರಾಯ್ರೆ, ಮನೆಗೆ ನಡೀರಿ! ಏ, ಕತ್ತಿ ಕೆಳಗಿಡು! ನಿನಗೆ ಬೇರೆ ಹೇಳ್ಬೇಕಾ?" ಎಂದು ಕೂಗುತ್ತಿದ್ದರು. ಅಷ್ಟು ವರ್ಷ ಅದೇ ಗಂಟಲಿನಲ್ಲಿ, ಅದೇ ಸಾಲುಗಳಲ್ಲಿ, ಕೆಲಸ ಮಾಡಿ ಎಂದು ಕೂಗಿದ ಮನುಷ್ಯ! ಅಡಗಿ ಕಳೆ ಕೊಚ್ಚುತ್ತಿದ್ದ ಒಬ್ಬನನ್ನು ಹಿಡಿದು, "ಇನ್ನೊಮ್ಮೆ ಮಧ್ಯಾಹ್ನದ ಮೇಲೆ ಕೆಲಸ ಮಾಡಿದ್ರೆ ಬೆಳಗ್ಗಿನ ಹಾಜರಿ ಹೊಡೆದುಹಾಕ್ತೇನೆ" ಎಂದು ಗದರಿಸಿದರು. ಸುದ್ದಿ ಪಕ್ಕದ ತೋಟಗಳಿಗೂ ಮುಟ್ಟಿತು. ಬಂಗಲೆಗೆ ಬಂದವರು, "ನಿಮ್ಮ ರೈಟ್ರಿಗೆ ಆಳುಗಳನ್ನ ಓಡಿಸ್ಲಿಕ್ಕೆ ಸಂಬಳ ಅಂತೆ!" ಎಂದು ಚಿಕ್ಕಪ್ಪನನ್ನು ರೇಗಿಸುತ್ತಿದ್ದರು. ಚಿಕ್ಕಪ್ಪನಿಗೆ ಇಷ್ಟವಾಗುತ್ತಿರಲಿಲ್ಲ. ಆದರೆ ಯಾವ ಲೈನೂ ಬಿಡಿಸಲಿಲ್ಲ. ಆ ವರ್ಷವೂ, ಮರುವರ್ಷವೂ ಒಂದು ಕುಟುಂಬವೂ ಏರು ಇಳಿಯಲಿಲ್ಲ. ಇದು ಮಾತ್ರ ನಿಜ, ಎಲ್ಲರೂ ಒಪ್ಪುವ ನಿಜ.

ಬೇರೆ ದೇಶಗಳಲ್ಲಿ ಇದನ್ನೇ ಸರ್ಕಾರಗಳು ಮಾಡುತ್ತವೆ ಎಂದು ನಾನು ರೈಟ್ರಿಗೆ ಹೇಳಿದ್ದು ಯಾವ ರಜೆಯಲ್ಲಿ? ಜರ್ಮನಿಯ ಬಗ್ಗೆ ನಾನು ಓದಿದ್ದು ಕೊನೆಯ ವರ್ಷದಲ್ಲಿ. ಹಾಗಾಗಿ ಎರಡನೆಯ ಬೇಸಿಗೆ ಇರಬೇಕು. ಮಧ್ಯಾಹ್ನದ ಹೊತ್ತು ಮಾಡಲು ಕೆಲಸವಿಲ್ಲದೆ ಅವರು ಜಗಲಿಗೆ ಬಂದು ಕಂಬಕ್ಕೆ ಒರಗಿದ್ದರು. ಮಾರುಕಟ್ಟೆ ಬಿದ್ದಾಗ ಅಲ್ಲಿ ಕಾರ್ಖಾನೆಗಳು ಜನರನ್ನು ತೆಗೆಯುವ ಬದಲು ಕೆಲಸದ ಹೊತ್ತು ಕಡಿಮೆ ಮಾಡುತ್ತವೆ, ಕಡಿಮೆಯಾದ ಸಂಬಳದ ಒಂದು ಪಾಲನ್ನು ಸರ್ಕಾರ ತುಂಬಿ ಕೊಡುತ್ತದೆ ಎಂದು ವಿವರಿಸಿದೆ.

"ಸರ್ಕಾರ ಕೊಡ್ತದಾ? ಮನೇಲಿ ಕೂತವರಿಗೆ?"

"ಹೌದು."

"ಯಾವ ಸರ್ಕಾರ ಮಾರಾಯ್ರೆ ಅದು! ಇಲ್ಲಿ ಅರ್ಜಿ ತಗೊಳ್ತಾರಾ ಕೇಳಿ."

ನಗು ಮುಗಿದ ಮೇಲೆ, "ಇಲ್ಲಿ ಆ ಪಾಲು ಯಾರು ಕೊಡ್ತಿದ್ದಾರೆ ಹಾಗಾದ್ರೆ?" ಎಂದು ಅವರೇ ಕೇಳಿದರು.

"ನೀವು," ಎಂದೆ. "ಲೈನಿನವರು."

"ನಿಮ್ಮ ಪುಸ್ತಕದಲ್ಲಿ ಅದಕ್ಕೆ ಎಂತ ಹೇಳ್ತಾರೆ?"

ಹೊಂದಾಣಿಕೆ ಎಂದೋ ಏನೋ ಹೇಳಿದೆ. ಅವರು ತಲೆಯಾಡಿಸಿದರು. "ಹೊಂದಾಣಿಕೆ ಒಳ್ಳೇದೇ. ಆದ್ರೆ ಎಷ್ಟು ದಿನಾಂತ ಒಂದು ಇರ್ಬೇಕು, ಅಲ್ವಾ? ಅದು ಹೇಳಿಸ್ಕೊಳ್ಳೂದು ನಾನು ಮರ್ತೆ." ಅಷ್ಟು ಹೇಳಿ, ಕೆಲಸ ಉಂಟು ಎಂದು ಹೊರಟುಬಿಟ್ಟರು. ಆ ಹೊತ್ತಿನಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.

ಬೆಲೆ ಒಂದು ದಿನ ಧಡಕ್ಕೆಂದು ಬರಲಿಲ್ಲ. ಸ್ವಲ್ಪ ಏರಿತು, ನಿಂತಿತು, ಮತ್ತೆ ಸ್ವಲ್ಪ ಏರಿತು. ಗೋಡೌನು ಖಾಲಿಯಾಯಿತು. ಬಂಗಲೆಗೆ ಹೊಸ ಹಂಚು ಬಂತು. ಅರ್ಧ ದಿನ ಹಾಗೇ ಇತ್ತು. ರೈಟ್ರು ನೇರವಾಗಿ ಕೇಳುವವರಲ್ಲ. ಸಂತೆಯ ದಿನ ಜಗಲಿಗೆ ಬಂದು, "ಇವತ್ತು ಎಷ್ಟಂತೆ ಗೌಡ್ರೆ, ರೇಟು?" ಎನ್ನುತ್ತಿದ್ದರು. ರೇಟು ಅವರಿಗೂ ಗೊತ್ತಿರುತ್ತಿತ್ತು. ಅವರಿಗೆ ಗೊತ್ತಿದೆ ಎಂದು ಚಿಕ್ಕಪ್ಪನಿಗೂ ಗೊತ್ತು.

"ಇದೆಲ್ಲ ಒಂದು ರೇಟಾ ರೈಟ್ರೆ? ಇನ್ನೂ ನೋಡೋಣ."

"ಆಗ್ಲಿ. ನೋಡುವ."

ಮುಂದಿನ ಸಂತೆಗೆ ಮತ್ತೆ ಅದೇ ಪ್ರಶ್ನೆ. ರಜೆಗೆ ಬಂದಾಗಲೆಲ್ಲ ಇದನ್ನು ಕೇಳಿ ನನಗೆ ಮೊದಮೊದಲು ನಗು ಬರುತ್ತಿತ್ತು. ಲೈನಿನಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಹಾಜರಿ ಹಿಡಿಯಲು ನಿಂತಾಗ ಸುಶೀಲಕ್ಕ, "ಬೆಲೆ ಎಲ್ಲಿವರೆಗೆ ಬಂತು ರೈಟ್ರೆ? ಕೊಟ್ಟಿಗೆಹಾರದಲ್ಲಿ ಚಾ ಕುಡಿತಾ ಉಂಟಾ?" ಎಂದು ಎಲ್ಲರೆದುರು ಕೇಳುತ್ತಿದ್ದರಂತೆ. ಅಷ್ಟು ವರ್ಷ ಹಂಗಿಸುವ ಸರದಿ ರೈಟ್ರದ್ದಾಗಿತ್ತು.

ಇನ್ನು ಮುಂದಿನದ್ದು ನನ್ನ ನೆನಪು. ಒಂದು ಸಂಜೆ ನಾನು ಬಂಗಲೆಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಕೆಲಸ ಬಿಡುವ ಗಂಟೆ ಹೊಡೆಯುತ್ತದೆ. ಎಷ್ಟೋ ಕಾಲದ ಮೇಲೆ ಸಂಜೆಯ ಗಂಟೆ. ಹೊಡೆಯುತ್ತಿರುವವರು ರೈಟ್ರು. ಕೆಳಗಿನ ದಾರಿಯಲ್ಲಿ ಹೆಂಗಸರು ಮನೆಗೆ ಹೋಗುತ್ತಿದ್ದಾರೆ. ಪೂರ್ತಿ ದಿನ ಮತ್ತೆ ಶುರುವಾದ ಮೊದಲ ದಿನ ಅದು. ಈಗ ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಷ್ಟದ ಕಾಲದಲ್ಲಿ ಜನರನ್ನು ತೆಗೆಯದೆ ದುಡಿಮೆಯ ಹೊತ್ತನ್ನು ಹಂಚಿಕೊಳ್ಳುವ ಪಾಠ ಬಂದಾಗ ಪ್ರತಿವರ್ಷ ಈ ತೋಟದ ಕತೆ ಹೇಳುತ್ತೇನೆ, ಆ ಸಂಜೆಯ ಗಂಟೆಯಲ್ಲಿ ಮುಗಿಸುತ್ತೇನೆ. ಮಕ್ಕಳಿಗೆ ಇಷ್ಟವಾಗುತ್ತದೆ.

ರೈಟ್ರು ತೋಟ ಬಿಟ್ಟು ಹೊರನಾಡಿನಲ್ಲಿ ಒಂದು ವಸತಿಗೃಹದ ಲೆಕ್ಕ ನೋಡುವ ಕೆಲಸಕ್ಕೆ ಸೇರಿದರು. ವಯಸ್ಸಾಯಿತು, ಏರು ಹತ್ತಲು ಆಗುವುದಿಲ್ಲ ಎಂದು ಹೋದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಅಲ್ಲಿಗೆ ಹೋದಾಗ ಒಂದೆರಡು ಸಲ ಮಾತಾಡಿಸಿದ್ದೆ. ಕೌಂಟರಿನ ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ಅವರು ಕೂತದ್ದನ್ನು ನೋಡಿದ್ದು ಅದೇ ಮೊದಲು. ತೋಟದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದಾಗ ಸುಶೀಲಕ್ಕನೂ ಬಂದಿದ್ದರು. ಮಂಡಿನೋವಿನಲ್ಲೂ ಬಸ್ಸು ಬದಲಿಸಿಕೊಂಡು ಬಂದಿದ್ದರು. ಹೊರಗೆ ಜಗಲಿಯಲ್ಲಿ ಕೂತು, ರೈಟ್ರಿಂದಾಗಿ ನಿಮ್ಮ ಮನೆಗಳೆಲ್ಲ ಉಳಿದವಲ್ಲ ಎಂದೆ. ಹೌದು, ಉಳಿದವು ಎಂದರು. ಪೂರ್ತಿ ದಿನವನ್ನೂ ಅವರೇ ವಾಪಸು ತಂದರಲ್ಲ ಎಂದೆ.

ಸುಶೀಲಕ್ಕ ನನ್ನನ್ನು ನೋಡಿದರು. "ಯಾರು ಹೇಳಿದ್ದು ನಿಮಗೆ?"

"ನಾನೇ ನೋಡಿದ್ದೇನೆ. ಸಂಜೆ ಗಂಟೆ ಹೊಡೆದದ್ದು..."

"ಗಂಟೆ ಹೊಡೆದಿರ್ಬಹುದು. ಕೊಯ್ಲಿನ ಕಾಲದಲ್ಲಿ ಸಂಜೆ ಹೊಡೀತಿದ್ರಲ್ಲ. ಪೂರ್ತಿ ದಿನ ಆದದ್ದು ಇವ್ರು ಬಿಟ್ಟುಹೋದ ಮೇಲೆ ಅಮ್ಮ. ಗೌಡ್ರಿಗೆ ಹೊರಗೆಲ್ಲೂ ಆಳು ಸಿಗದೆ, ನಮ್ಮಲ್ಲಿ ಇಬ್ರು ಮೂವರು ಬೇರೆ ತೋಟಕ್ಕೆ ಹೋದ್ಮೇಲೆ. ಕೊನೆ ಬಟವಾಡೆ ದಿನ ರೈಟ್ರು ಲೈನಿಗೆ ಬಂದು ಎಂತ ಹೇಳಿದ್ರು ಗೊತ್ತುಂಟಾ? 'ಬೆಲೆ ಬಂದು ಬಹಳ ದಿನ ಆಯ್ತು. ಹೇಳ್ತೇನೆ ಅಂದಿದ್ದೆ, ಹೇಳಿದ್ದೇನೆ.' ಅಷ್ಟೇ. ಮಾರನೇ ದಿನ ಮನುಷ್ಯ ಇಲ್ಲ." ಮತ್ತೆ, "ಪೂರ್ತಿ ದಿನ ಯಾರಿಗೆ ಬೇಕಿತ್ತು ಮಾರಾಯ್ರೆ? ನಮಗೆ ಬೇಕಾದ್ದು ಪೂರ್ತಿ ಕೂಲಿ," ಎಂದು ಅವರೇ ನಕ್ಕರು.

ಸುಶೀಲಕ್ಕನ ನೆನಪೂ ನೆನಪೇ. ರೈಟ್ರ ಮೇಲಿನ ಹಳೆಯ ಸಿಟ್ಟು, ಚಿಕ್ಕಪ್ಪನ ಮೇಲಿನ ಸಿಟ್ಟು, ಎಲ್ಲ ಅದರಲ್ಲಿ ಸೇರಿರಬಹುದು. ನನ್ನ ನೆನಪಿನಲ್ಲಿ ನಮ್ಮ ಮನೆಯ ಮರ್ಯಾದೆ ಸೇರಿರಬಹುದು. ರೈಟ್ರ ಹೆಂಡತಿಯನ್ನು ಆ ದಿನ ಕೇಳುವ ಹಾಗಿರಲಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ನನಗೆ ರಜೆ ಇರುತ್ತಿತ್ತೇ ಎಂದು ಯೋಚಿಸಿದೆ. ಕ್ರಿಸ್ಮಸ್ಸಿಗೆ ನಾಲ್ಕು ದಿನ ಬರುತ್ತಿದ್ದೆ, ಆಗ ಕೊಯ್ಲು ನಡೆಯುತ್ತಿರುತ್ತದೆ. ಮೆಟ್ಟಿಲ ಮೇಲೆ ಕೂತಾಗ ಚಳಿ ಇತ್ತೇ? ಈಗ ಆ ಸಂಜೆಯನ್ನು ನೆನೆದರೆ ಕಾಲಿಗೆ ಚಳಿ ಆಗುತ್ತದೆ. ಸುಶೀಲಕ್ಕ ಹೇಳಿದ ಮೇಲೆ ಆಗುತ್ತಿದೆಯೋ, ಮೊದಲೇ ಇತ್ತೋ, ಗೊತ್ತಿಲ್ಲ.

ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಕಾಲ ಇದು. ಕಳೆದ ಭಾನುವಾರ ತೋಟಕ್ಕೆ ಹೋಗಿದ್ದೆ. ಊಟಕ್ಕೆ ನೆಂಟರಿದ್ದರು. ಬೆಲೆ ಬಿದ್ದ ವರ್ಷಗಳ ಮಾತು ಬಂತು. ಚಿಕ್ಕಪ್ಪ ಎಂದಿನಂತೆ, "ಸುತ್ತ ಎಲ್ಲ ತೋಟದಲ್ಲೂ ಆಳು ಬಿಡಿಸಿದ್ರು. ನಾನು ಒಬ್ಬರನ್ನೂ ಕಳಿಸಲಿಲ್ಲ. ಬೆಲೆ ಬಂದ ಕೂಡಲೆ ಪೂರ್ತಿ ಕೂಲಿ ಕೊಟ್ಟೆ," ಎಂದರು. ನೆಂಟರು ತಲೆದೂಗಿದರು. ಚಿಕ್ಕಮ್ಮ ಅನ್ನ ಬಡಿಸುತ್ತಿದ್ದವರು ನನ್ನ ಎಲೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚಿಗೆ ನಿಂತರು ಎಂದು ನನಗನಿಸಿತು. ಆ ದಿನಗಳಲ್ಲಿ ಅಡುಗೆಮನೆಯಿಂದ ಜಗಲಿಯ ಮಾತೆಲ್ಲ ಅವರಿಗೆ ಕೇಳಿಸುತ್ತಿತ್ತು.

ನೆಂಟರು ಹೋದ ಮೇಲೆ, ಇಬ್ಬರೇ ಪಾತ್ರೆ ಎತ್ತಿಡುವಾಗ ಕೇಳಿದೆ. "ಚಿಕ್ಕಮ್ಮ, ಪೂರ್ತಿ ದಿನ ಮತ್ತೆ ಶುರುವಾದಾಗ ರೈಟ್ರು ನಮ್ಮ ತೋಟದಲ್ಲಿ ಇದ್ರಾ?"

ಅವರು ಕೈಯಲ್ಲಿದ್ದ ಬೋಗುಣಿಯನ್ನು ನೀರಿಗೆ ಇಳಿಸಿ, ನಲ್ಲಿಯನ್ನು ಜೋರಾಗಿ ತಿರುಗಿಸಿದರು. ಕೇಳಿಸಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಕೇಳಿದೆ.